ಸಂಕದಾಚೆಯ ಮನೆಗಳು: ಶಿವಮೊಗ್ಗ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ನಮಸ್ಕಾರಗಳು. ನಾನು ಹೊಸನಗರ ತಾಲ್ಲೂಕಿನ ಒಂದು ಶಾಖಾ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಟಪಾಲು ಹಂಚಿದವನು. ಅರವತ್ತೈದು ತುಂಬಿ ಚೀಲ ಇಳಿಸಿ ಎರಡು ವರ್ಷವಾಯಿತು. ಊರಿನವರು ಇವತ್ತಿಗೂ ಅಂಚೆಯಣ್ಣ ಅಂತಲೇ ಕರೆಯುತ್ತಾರೆ. ನಮ್ಮ ಕಡೆಯ ಮನೆಗಳಲ್ಲಿ ಒಂಟಿಯಾಗಿ ಉಳಿದಿರುವ ಹಿರಿಯರ ವಿಷಯ ಹೇಳಬೇಕಾಗಿದೆ. ಒಬ್ಬನ ಅರ್ಜಿಯಾಗಿ ಕೊಟ್ಟರೆ ಇದು ಒಬ್ಬನ ಕಷ್ಟವೆಂದು ಕಡತ ಸೇರಬಹುದು. ಇದು ನನ್ನೊಬ್ಬನದಲ್ಲ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಚೀಲದಲ್ಲಿ ಇರುತ್ತಿದ್ದದ್ದು ಇನ್‌ಲ್ಯಾಂಡ್ ಪತ್ರ, ಮುಂಬಯಿ ಹೋಟೆಲಿಗೆ ಸೇರಿದ ಹುಡುಗರು ಕಳಿಸುತ್ತಿದ್ದ ಮನಿಯಾರ್ಡರು, ನಾಮಕರಣದ ಕಾರ್ಡು, ಪರೀಕ್ಷೆಯ ಫಲಿತಾಂಶ. ಕೊನೆಯ ಐದಾರು ವರ್ಷ ಪತ್ರ ಇಲ್ಲವೆಂದೇ ಹೇಳಬೇಕು, ಬರುತ್ತಿದ್ದದ್ದು ಪಾರ್ಸೆಲ್ಲು. ಬೆಂಗಳೂರಿನಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಕಳಿಸುವ ಬಿಪಿ ನೋಡುವ ಯಂತ್ರ, ಮಂಡಿಗೆ ಹಾಕುವ ಪಟ್ಟಿ, ಮೂರು ತಿಂಗಳಿಗಾಗುವಷ್ಟು ಸಕ್ಕರೆ ಕಾಯಿಲೆಯ ಮಾತ್ರೆ, ದೊಡ್ಡವರ ಡೈಪರು. ಡೈಪರಿನ ಡಬ್ಬಿ ಹಗುರ, ಗಾತ್ರ ಮಾತ್ರ ದೊಡ್ಡದು. ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದರೆ ಗಾಳಿಗೆ ವಾಲುತ್ತದೆ. ಒಳಗೆ ಏನಿದೆ ಅಂತ ಮೇಲೆ ಬರೆದಿರುವುದಿಲ್ಲ, ಆದರೂ ಹೊತ್ತವನಿಗೆ ಗೊತ್ತಾಗುತ್ತದೆ. ಅಂಥ ಡಬ್ಬಿ ಒಂದು ಮನೆಗೆ ಮೊದಲ ಸಲ ಬಂದ ದಿನ ಆ ಮನೆಯ ದಣಪೆ ದಾಟಲು ನನಗೆ ಕಾಲು ಬರುತ್ತಿರಲಿಲ್ಲ.

ಇದು ನಮ್ಮ ಹೋಬಳಿಯೊಂದರ ಕಥೆಯಲ್ಲ ಅಂತ ತಿಳಿದದ್ದು ನಿವೃತ್ತನಾದ ಮೇಲೆ, ಓದಲು ಪುರುಸೊತ್ತು ಸಿಕ್ಕಾಗ. 2030ರ ಹೊತ್ತಿಗೆ ಜಗತ್ತಿನ ಆರು ಜನರಲ್ಲಿ ಒಬ್ಬರಿಗೆ ಅರವತ್ತು ದಾಟಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಯಸ್ಸಾದವರೆಂದರೆ ಜಪಾನು, ಯುರೋಪಿನ ವಿಷಯ ಅಂದುಕೊಂಡಿದ್ದೆವು. 2050ಕ್ಕೆ ಅವರಲ್ಲಿ ಕಡಿಮೆಯೆಂದರೂ ಮೂರರಲ್ಲಿ ಎರಡು ಪಾಲು ಇರುವುದು ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಭಾರತದಲ್ಲಿ ಅರವತ್ತು ದಾಟಿದವರು 2022ರಲ್ಲಿ ಸುಮಾರು 15 ಕೋಟಿ ಇದ್ದರು, 2050ಕ್ಕೆ ಸುಮಾರು 35 ಕೋಟಿ ಆಗುತ್ತಾರೆಂಬ ಅಂದಾಜಿದೆ. ಜನಸಂಖ್ಯೆಯಲ್ಲಿ ವೃದ್ಧರ ಪಾಲು ಹತ್ತಕ್ಕೆ ಒಂದರಿಂದ ಐದಕ್ಕೆ ಒಂದಾಗಲು ಫ್ರಾನ್ಸ್ ದೇಶಕ್ಕೆ ಸುಮಾರು 150 ವರ್ಷ ಹಿಡಿಯಿತಂತೆ. ನಮಗೆ ಮೂವತ್ತು ವರ್ಷವೂ ಇಲ್ಲ. ನೂರೈವತ್ತು ವರ್ಷವೆಂದರೆ ಐದಾರು ತಲೆಮಾರು. ಒಂದು ತಲೆಮಾರು ರಸ್ತೆ ಮಾಡಿತು, ಇನ್ನೊಂದು ಆಸ್ಪತ್ರೆ ಕಟ್ಟಿತು, ಮತ್ತೊಂದು ಪಿಂಚಣಿ ತಂದಿತು. ನಮ್ಮಲ್ಲಿ ಅಷ್ಟನ್ನೂ ಒಂದೇ ತಲೆಮಾರು ಮಾಡಬೇಕಾಗಿದೆ, ಅದೂ ಕೈಯಲ್ಲಿ ಅಷ್ಟು ದುಡ್ಡಿಲ್ಲದೆ.

ಜನ ಹೆಚ್ಚು ಕಾಲ ಬದುಕುತ್ತಿರುವುದನ್ನು ನಾನು ಕೆಟ್ಟ ಸುದ್ದಿ ಅನ್ನುತ್ತಿಲ್ಲ. ಚಳಿಜ್ವರಕ್ಕೆ ಮಲೆನಾಡಿನ ಮನೆಮನೆಯೇ ಬರಿದಾಗುತ್ತಿದ್ದ ಕಾಲವನ್ನು ನಮ್ಮಜ್ಜಿ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದಾಗ ಈ ದೇಶದವರ ಸರಾಸರಿ ಆಯುಷ್ಯ ಮೂವತ್ತೆರಡರ ಆಸುಪಾಸು, ಈಗ ಎಪ್ಪತ್ತು. ಹುಟ್ಟುವ ಮಕ್ಕಳು ಕಡಿಮೆಯಾದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. 2011ರ ಜನಗಣತಿಯಲ್ಲಿ ರಾಜ್ಯದ ನೂರರಲ್ಲಿ 9.5 ಮಂದಿ ಅರವತ್ತು ದಾಟಿದವರು, 2021ರ ಅಂದಾಜಿನಲ್ಲಿ 11.5. ಆದರೆ ಈ ಸರಾಸರಿ ಹಿಡಿದು ನಮ್ಮ ಕಡೆಗೆ ಬಂದರೆ ಲೆಕ್ಕ ತಪ್ಪುತ್ತದೆ. ದುಡಿಯುವ ವಯಸ್ಸಿನವರು ಘಟ್ಟ ಇಳಿದೋ ಬಸ್ಸು ಹತ್ತಿಯೋ ಹೋಗಿದ್ದಾರೆ, ಉಳಿದವರು ಹಿರಿಯರು. ನನ್ನ ಮಗಳೂ ಬೆಂಗಳೂರಿನಲ್ಲೇ ಇದ್ದಾಳೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಮನೆ, ನಡುವೆ ಬೀದಿ, ಗುಡಿ ಕಟ್ಟೆ. ಅಲ್ಲಿ ಒಬ್ಬಜ್ಜಿ ಬೆಳಿಗ್ಗೆ ಬಾಗಿಲು ತೆರೆಯದಿದ್ದರೆ ಎದುರು ಮನೆಯವರಿಗೆ ತಿಳಿಯುತ್ತದೆ. ನಮ್ಮಲ್ಲಿ ಮನೆಗಳು ತೋಟದ ತಲೆಯಲ್ಲಿ ಒಂದೊಂದು. ಪಕ್ಕದ ಮನೆಗೆ ಹೋಗಬೇಕೆಂದರೆ ಒಂದು ಗದ್ದೆ ಬಯಲು, ಒಂದು ಹಳ್ಳ, ಹಳ್ಳಕ್ಕೆ ಅಡ್ಡ ಮರ ಹಾಸಿದ ಒಂದು ಕಾಲುಸಂಕ, ಒಂದು ಏರು. ಸರ್ಕಾರದ ಯೋಜನೆಗಳೆಲ್ಲ ತಲೆ ಎಣಿಸುತ್ತವೆ. ಇಷ್ಟು ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ, ಇಷ್ಟು ಸಾವಿರಕ್ಕೆ ಒಂದು ಆಸ್ಪತ್ರೆ. ಸಾವಿರ ಜನ ಒಂದು ಮೈಲಿಯೊಳಗೆ ಇರುವುದಕ್ಕೂ ಹತ್ತು ಮೈಲಿಯಲ್ಲಿ ಹರಡಿರುವುದಕ್ಕೂ ಇರುವ ವ್ಯತ್ಯಾಸ ನಡೆದವನ ಕಾಲಿಗೆ ಗೊತ್ತು. ಸರ್ಕಾರಕ್ಕೂ ಇದು ಗೊತ್ತಿಲ್ಲದ್ದಲ್ಲ. ಬಯಲಿನಲ್ಲಿ 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3,000ಕ್ಕೆ ಒಂದು ಇರಬೇಕು, 30,000ಕ್ಕೆ ಒಂದಿರುವ ಪ್ರಾಥಮಿಕ ಆರೋಗ್ಯ ಕೇಂದ್ರ 20,000ಕ್ಕೇ ಇರಬೇಕು ಎಂಬ ನಿಯಮವನ್ನು ಮಾಡಿದ್ದು ಸರ್ಕಾರವೇ. ಹಿರಿಯರ ವಿಷಯದಲ್ಲಿ ಮಾತ್ರ ಇಂಥ ಲೆಕ್ಕ ಇನ್ನೂ ಶುರುವಾಗಿಲ್ಲ.

ಒಂದು ಮನೆಯ ವಿಷಯ ಹೇಳಬೇಕು. ನನ್ನ ದಾರಿಯ ಕೊನೆಯ ಮನೆ ಅದು, ಸಂಕ ದಾಟಿ ಒಂದೂವರೆ ಕಿಲೋಮೀಟರು. ಅಲ್ಲಿ ಒಬ್ಬ ಅಜ್ಜಿ, ಎಂಬತ್ತರ ಹತ್ತಿರ. ಹೋದಾಗಲೆಲ್ಲ ಜಗಲಿಯಿಂದಲೇ “ಆಸ್ರಿಗೆ ಎಂತ ಕೊಡ್ಲಿ ಅಂಚೆಯಣ್ಣಾ?” ಅನ್ನುತ್ತಿದ್ದರು. ಮಗ ಬೆಂಗಳೂರಿಗೆ ಬಾ ಅಂತ ಕರೆಯುತ್ತಲೇ ಇದ್ದ. ಅಜ್ಜಿಯ ತವರುಮನೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾಗಿತ್ತು. ಬಾವಿಕಟ್ಟೆಯ ಹತ್ತಿರ ನೀರು ಬಂದದ್ದನ್ನು ನೋಡಿದವರು ಅವರು. “ಒಂದು ಮನೆ ನೀರಿಗೆ ಬಿಟ್ಟು ಬಂದಿದೀನಿ, ಇದನ್ನ ಸುಮ್ಮನೆ ಬಿಡಾದಿಲ್ಲ” ಅನ್ನುತ್ತಿದ್ದರು. ಆ ಮಾತಿಗೆ ಮಗನ ಹತ್ತಿರ ಉತ್ತರವಿರಲಿಲ್ಲ, ನನ್ನ ಹತ್ತಿರವೂ ಇಲ್ಲ.

ಆರು ವರ್ಷದ ಹಿಂದಿನ ಆಷಾಢ. ನಾಲ್ಕು ದಿನದಿಂದ ಬಿಡದ ಮಳೆ. ಸಂಕದ ಹತ್ತಿರ ಹೋದಾಗ ಹಸು ಕೂಗುತ್ತಿರುವುದು ಕೇಳಿಸಿತು, ಹಂಚಿನ ಸಂದಿಯಲ್ಲಿ ಹೊಗೆ ಇರಲಿಲ್ಲ. ಮಳೆಗಾಲದಲ್ಲಿ ಬಚ್ಚಲ ಒಲೆಯೂ ಉರಿಯದ ಮನೆ ನಮ್ಮಲ್ಲಿ ಇರುವುದಿಲ್ಲ. ನಮ್ಮ ಅಂಗಳಗಳು ನಿಮಗೆ ಗೊತ್ತಿರಬಹುದು. ಜೂನ್ ಮುಗಿಯುವಷ್ಟರಲ್ಲಿ ಹಾವಸೆ ಹಿಡಿದು ಎಣ್ಣೆ ಸುರಿದ ಹಾಗಿರುತ್ತವೆ. ಕೊಟ್ಟಿಗೆಗೆ ಹೋಗಲೆಂದು ಹಾಕಿದ್ದ ಅಡಿಕೆ ದಬ್ಬೆ ಕೊಳೆತು ಒಂದು ಕಡೆ ಮುರಿದಿತ್ತು. ಅಜ್ಜಿ ಹಿಂದಿನ ದಿನ ಸಂಜೆ ಅಲ್ಲಿ ಜಾರಿ ಬಿದ್ದು, ಕೈ ಊರಿಕೊಂಡು ತೆವಳಿ ಜಗಲಿಯ ಮೆಟ್ಟಿಲ ತನಕ ಬಂದು, ಗೋಣಿಚೀಲ ಹೊದ್ದು ರಾತ್ರಿ ಕಳೆದಿದ್ದರು. ನನ್ನನ್ನು ನೋಡಿ ಅವರು ಅಂದ ಮೊದಲ ಮಾತು, “ಹಸು ಕರೀಲಿಲ್ಲ ಅಣ್ಣ, ಮೊದ್ಲು ಅದನ್ನ ನೋಡು.”

ಫೋನಿಗೆ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕು. ಹತ್ತಿ 108ಕ್ಕೆ ಮಾಡಿದೆ. ಗಾಡಿ ಬಂತು, ಆದರೆ ಟಾರು ರಸ್ತೆಯ ತನಕ. ಕಂಬಳಿಗೆ ಬಿದಿರು ತೂರಿಸಿ ಜೋಲಿ ಕಟ್ಟಿ ನಾಲ್ವರು ಹೊತ್ತೆವು. ಕಾಲಿಗೆಲ್ಲ ರಕ್ತ ಹೀರುವ ಉಂಬಳ, ಸಂಕದ ಮೇಲೆ ಒಬ್ಬೊಬ್ಬರೇ ದಾಟಬೇಕು, ಬಿದಿರು ಭುಜದಿಂದ ಜಾರುತ್ತಿತ್ತು. ಹೊತ್ತ ನಾಲ್ವರಲ್ಲಿ ಮೂವರಿಗೆ ಅರವತ್ತು ದಾಟಿತ್ತು, ನನ್ನನ್ನೂ ಸೇರಿಸಿ. ಆ ದಿನ ನನಗೆ ಮಳೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಈ ಎಣಿಕೆ.

ಶಿವಮೊಗ್ಗದಲ್ಲಿ ಸೊಂಟದ ಮೂಳೆಗೆ ಆಪರೇಶನ್ ಆಯಿತು, ಚೆನ್ನಾಗಿಯೇ ಆಯಿತು. ಮನೆಗೆ ಬಂದರು. ಮಗ ಇದ್ದಬದ್ದ ರಜೆಯನ್ನೆಲ್ಲ ಹಾಕಿದ. ರಜೆ ಮುಗಿದ ಮೇಲೆ ಹಣ ಕೊಟ್ಟು ಒಬ್ಬ ಹುಡುಗಿಯನ್ನು ನೋಡಿಕೊಳ್ಳಲು ಕರೆತಂದ. ಆಕೆ ನಾಲ್ಕನೇ ದಿನ ಹೊರಟುಹೋದಳು. ಸುತ್ತ ಕತ್ತಲೆ, ಮಾತಿಗೆ ಜನವಿಲ್ಲ, ಮನೆಗೆ ಫೋನು ಮಾಡಲು ಸಿಗ್ನಲ್ ಇಲ್ಲ. ಅವಳ ತಪ್ಪೂ ಅಲ್ಲ. ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಯಾರೂ ಇರಲಿಲ್ಲ. ಬೆನ್ನಿಗೆ ಹುಣ್ಣಾಯಿತು. ಹುಣ್ಣನ್ನು ತೊಳೆದು ಪಟ್ಟಿ ಕಟ್ಟಲು ಬಲ್ಲವರು ವಾರಕ್ಕೆ ಎರಡು ಸಲ ಆ ಸಂಕ ದಾಟಿದ್ದರೆ ಸಾಕಿತ್ತು. ದೀಪಾವಳಿಗೆ ಮುಂಚೆ ತೀರಿಕೊಂಡರು. ಮೂಳೆ ಕೂಡಿತ್ತು ಅಂತ ಡಾಕ್ಟರು ಆಮೇಲೆ ಹೇಳಿದರಂತೆ.

ಇಂಥ ಮಾತು ಬಂದಾಗಲೆಲ್ಲ ಜನ ಮಕ್ಕಳನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಡೈಪರಿನ ಡಬ್ಬಿಯ ಮೇಲೆ ಕಳಿಸಿದವರ ಹೆಸರು ನೋಡಿದವನು ನಾನು. ಎಲೆಚುಕ್ಕಿ ರೋಗ ಬಂದು ಅರ್ಧ ತೋಟ ಒಣಗಿದ ಮನೆಯಲ್ಲಿ ಕೂತು ಆ ಹುಡುಗ ಏನು ದುಡಿಯಬೇಕಿತ್ತು? ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲೇ ಬಂದಿದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಮಕ್ಕಳಿಂದ ತಿಂಗಳಿಗೆ ಗರಿಷ್ಠ ₹10,000 ತನಕ ಜೀವನಾಂಶ ಪಡೆಯಬಹುದು, ನೋಡಿಕೊಳ್ಳುತ್ತೇನೆಂದು ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಬೇಕಾದ ಕಾಯ್ದೆ ಅದು, ಮೋಸ ಹೋದವರನ್ನು ಕಾಪಾಡಿದೆ. ಆದರೆ ನನ್ನ ದಾರಿಯ ಹಿರಿಯರನ್ನು ಮಕ್ಕಳು ಕೈಬಿಟ್ಟಿಲ್ಲ. ಮಕ್ಕಳು ದೂರದಲ್ಲಿದ್ದಾರೆ, ಅಷ್ಟೆ. ದೂರಕ್ಕೆ ಕೋರ್ಟಿನಲ್ಲಿ ಪರಿಹಾರವಿಲ್ಲ.

ಪಿಂಚಣಿಯ ವಿಷಯ. ರಾಜ್ಯ ಸರ್ಕಾರ ಹಿರಿಯರಿಗೆ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ತಿಂಗಳಿಗೆ ಸಾವಿರದಿಂದ ₹1,200 ಆಯಿತು. ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಎಂಬತ್ತರೊಳಗಿನವರಿಗೆ ಕೇಂದ್ರದ ಪಾಲು 2007ರಿಂದ ಇಂದಿನವರೆಗೂ ₹200 ದಾಟಿಲ್ಲ. ಇದು ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು, ಮೇಲೆ ಬರೆಯುವಾಗ ಬರೆಯಿರಿ ಎಂದಷ್ಟೇ ಕೇಳುತ್ತೇನೆ. ನಿಮ್ಮ ಕೈಯಲ್ಲಿರುವುದು ಬೇರೆ. ಹಣ ಖಾತೆಗೆ ಬಂದಿರುತ್ತದೆ, ತೆಗೆಯಲು ಹೆಬ್ಬೆಟ್ಟು ಬೇಕು. ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದ ಕೈಗಳವು. ಚೊಗರು ಕೂತು ಕಪ್ಪಾಗಿ, ಗೆರೆ ಸವೆದು, ಬೆರಳ ತುದಿ ಹೊಳೆಯ ಕಲ್ಲಿನ ಹಾಗೆ ನುಣ್ಣಗಿರುತ್ತದೆ. ಕೈಯಲ್ಲಿ ಹಿಡಿಯುವ ಯಂತ್ರ ಬಂದಮೇಲೆ ನಾನು ಮನೆ ಬಾಗಿಲಿಗೇ ಹೋಗಿ ಹಣ ಕೊಡುವಂತಾಯಿತು, ಅದು ದೊಡ್ಡ ಅನುಕೂಲವೇ. ಆದರೆ ಒಬ್ಬಮ್ಮ ಸೀಗೆಪುಡಿ ಹಾಕಿ ಕೈ ತೊಳೆದು, ಸೆರಗಿಗೆ ಒರೆಸಿ, ಹತ್ತೂ ಬೆರಳು ಒಂದಾದ ಮೇಲೊಂದು ಇಟ್ಟರು, ಯಂತ್ರ ಒಂದನ್ನೂ ಒಪ್ಪಲಿಲ್ಲ. “ನನ್ನ ಕೈ ನನ್ನದಲ್ಲ ಅಂತದಾ ಅದು?” ಅಂತ ಕೇಳಿದರು. ಮುಖ ನೋಡಿ ಗುರುತು ಹಿಡಿಯುವ ವ್ಯವಸ್ಥೆಯೂ ಈಗ ಬಂದಿದೆ, ಅದಕ್ಕೂ ಸಿಗ್ನಲ್ ಬೇಕು. ಇನ್ನೊಬ್ಬ ಹಿರಿಯರ ಖಾತೆಗೆ ದಾಖಲೆ ಹೊಸದಾಗಿ ಕೊಡಬೇಕೆಂದು ಒಂದು ಬ್ಯಾಂಕಿನಿಂದ ಕರೆ ಬಂತು. ಎರಡು ಬಸ್ಸು ಬದಲಿಸಿ ಹೋದರು, ಸರ್ವರ್ ಇಲ್ಲ ನಾಳೆ ಬನ್ನಿ ಅಂದರು. ಅವರ ಲೆಕ್ಕದಲ್ಲಿ ನಾಳೆ ಅಂದರೆ ಇನ್ನೂ ₹160 ಬಸ್ ಚಾರ್ಜು. ಶಕ್ತಿ ಯೋಜನೆ ಬಂದಾಗ ನಮ್ಮ ಹೆಣ್ಣುಮಕ್ಕಳೂ ಸಂತೋಷಪಟ್ಟಿದ್ದರು. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಶಕ್ತಿಯೂ ಇಲ್ಲ, ಹಿರಿಯ ನಾಗರಿಕರ ರಿಯಾಯಿತಿಯೂ ಇಲ್ಲ.

ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ ಎಂದು 2024ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದೆ. ಒಳ್ಳೆಯದು. ಆದರೆ ಅದು ಆಸ್ಪತ್ರೆ ಸೇರಿದವರಿಗೆ. ಹಿರಿಯರ ಕಾಯಿಲೆ ನೂರರಲ್ಲಿ ತೊಂಬತ್ತು ದಿನ ಮನೆಯಲ್ಲಿರುತ್ತದೆ. ಬಿಪಿ ಮಾತ್ರೆ ಮುಗಿದಿರುವುದು, ಕಣ್ಣಿನ ಪೊರೆ, ಹಲ್ಲಿಲ್ಲದೆ ಗಂಜಿಯಲ್ಲೇ ದಿನ ತಳ್ಳುವುದು, ಬಚ್ಚಲಿಗೆ ಹೋಗುವ ಭಯಕ್ಕೆ ಸಂಜೆಯಿಂದ ನೀರು ಕುಡಿಯದಿರುವುದು. ಈ ಕೊನೆಯದನ್ನು ನನಗೆ ಎಷ್ಟು ಜನ ಅಜ್ಜಿಯರು ಹೇಳಿದ್ದಾರೆಂದು ಲೆಕ್ಕವಿಟ್ಟಿಲ್ಲ. ಹಿರಿಯರ ಆರೋಗ್ಯಕ್ಕೆಂದೇ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಸಿಬ್ಬಂದಿ ಹೋಗಬೇಕೆಂದು ಬರೆದಿದೆ. ನನ್ನ ಮೂವತ್ತೆಂಟು ವರ್ಷದ ದಾರಿಯಲ್ಲಿ ಹಾಗೆ ಹೋಗುವವರು ನನಗೆ ಎದುರಾಗಲಿಲ್ಲ.

ಆಗದ ಕೆಲಸವನ್ನು ಕೇಳುತ್ತಿದ್ದೇನೆ ಅಂತ ಅನ್ನಿಸಬಾರದು, ಅದಕ್ಕೆ ಕೇರಳದ ಮಾತು ತೆಗೆಯುತ್ತೇನೆ. ಅಲ್ಲಿಯೂ ಮನೆಗಳು ನಮ್ಮ ಹಾಗೆ ತೋಟದ ನಡುವೆ ಚದುರಿವೆ, ಅಲ್ಲಿಯೂ ಮಕ್ಕಳು ದೂರ ಹೋಗಿದ್ದಾರೆ. 2008ರಲ್ಲೇ ಆ ರಾಜ್ಯ ಉಪಶಾಮಕ ಆರೈಕೆಗೆಂದು, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸಿ ನೋಡಿಕೊಳ್ಳುವುದಕ್ಕೆಂದು, ಒಂದು ನೀತಿ ಮಾಡಿತು. ಗ್ರಾಮ ಪಂಚಾಯಿತಿಗಳು ಹಣ ತೆಗೆದಿಟ್ಟು, ತರಬೇತಾದ ನರ್ಸು ಒಂದು ಗಾಡಿಯಲ್ಲಿ, ಊರಿನ ಸ್ವಯಂಸೇವಕರ ಜೊತೆ, ಹಾಸಿಗೆ ಹಿಡಿದವರ ಮನೆಮನೆಗೆ ಹೋಗುತ್ತಾರೆ. ಹುಣ್ಣು ತೊಳೆಯುತ್ತಾರೆ, ನಳಿಗೆ ಬದಲಿಸುತ್ತಾರೆ, ಮಗ್ಗುಲು ಹೇಗೆ ಬದಲಿಸಬೇಕೆಂದು ಮನೆಯವರಿಗೆ ಕಲಿಸುತ್ತಾರೆ. ಅದಕ್ಕೆ ದೊಡ್ಡ ಯಂತ್ರ ಬೇಡ, ಸ್ಪೆಷಲಿಸ್ಟ್ ಡಾಕ್ಟರು ಬೇಡ. ನಮ್ಮ ಅಜ್ಜಿಗೆ ಬೇಕಾಗಿದ್ದದ್ದು ಅಷ್ಟೇ.

ಒಂದೇ ಒಂದು ಹೋಬಳಿಯಲ್ಲಿ, ನಮ್ಮ ತಾಲ್ಲೂಕಿನ ನಗರ ಹೋಬಳಿಯಲ್ಲೋ ಆಗುಂಬೆ ಕಡೆಯಲ್ಲೋ, ಇದನ್ನು ಈ ವರ್ಷ ಮಾಡಿ ನೋಡಿ. ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ನಡೆದರೆ ಎಲ್ಲಿಯೂ ನಡೆಯುತ್ತದೆ. ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬಾಣಂತಿ, ಮಗು, ಲಸಿಕೆ, ಮಂಗನ ಕಾಯಿಲೆ, ಎಲ್ಲದಕ್ಕೂ ಅವರೇ. ಅವರಿಗೆ ಸಿಗುವ ಗೌರವಧನಕ್ಕೆ ಅವರು ನಡೆಯುವ ದಾರಿ ಈಗಲೇ ಹೆಚ್ಚು. ಬೇರೆ ನರ್ಸು, ಬೇರೆ ಸಂಬಳ, ಏರು ಹತ್ತುವ ಒಂದು ಗಾಡಿ ಬೇಕು. ಬೆರಳು ಒಪ್ಪದ ಹಿರಿಯರಿಗೆ ಗ್ರಾಮ ಆಡಳಿತ ಅಧಿಕಾರಿಗಳ ಮತ್ತು ಪಂಚಾಯಿತಿ ಸದಸ್ಯರೊಬ್ಬರ ಸಾಕ್ಷಿಯ ಮೇಲೆ ಮನೆಯಲ್ಲೇ ಹಣ ಸಿಗುವ ಹಾಗೆ ಬ್ಯಾಂಕು ಮತ್ತು ಅಂಚೆಯವರನ್ನು ಒಟ್ಟಿಗೆ ಕೂರಿಸಿ ಒಂದು ದಾರಿ ಹುಡುಕಿಕೊಡಿ. ಕಾಲುಸಂಕ ಕಟ್ಟುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಶಿವಮೊಗ್ಗದಲ್ಲೇ ಇದೆ. ಶಾಲೆಗೆ ಹೋಗುವ ಮಕ್ಕಳಿರುವ ದಾರಿಗೆ ಮೊದಲು ಸಂಕ ಅನ್ನುವುದು ಸರಿಯೇ, ಆದರೆ ಮಕ್ಕಳೇ ಇಲ್ಲದ ದಾರಿಗಳಲ್ಲಿ ಒಂಟಿ ಹಿರಿಯರಿದ್ದಾರೆ. ಮುಂದಿನ ಪಟ್ಟಿ ಮಾಡುವಾಗ ಅವರನ್ನೂ ಎಣಿಸಿ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಅಂಥವರ ಪಟ್ಟಿಯೇ. ಜನಗಣತಿ 2027ಕ್ಕೆ ಮುಗಿದು ಅಂಕಿ ಹೊರಬರುವ ತನಕ ಕಾಯುವ ಅಗತ್ಯವಿಲ್ಲ. ಒಂದು ಪಂಚಾಯಿತಿಯಲ್ಲಿ ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಅನ್ನುವುದು ಅಂಚೆಯವನಿಗೆ, ಹಾಲಿನ ಡೇರಿಯವನಿಗೆ, ಅಡಿಕೆ ಕೊನೆ ಕೊಯ್ಯುವವನಿಗೆ ಗೊತ್ತೇ ಇರುತ್ತದೆ. ಅವರನ್ನು ಅರ್ಧ ದಿನ ಕೂರಿಸಿ ಬರೆಸಿಕೊಂಡರೆ ಮುಗಿಯಿತು. ಹೆಸರು, ವಯಸ್ಸಿನ ಜೊತೆಗೆ ಮೂರು ವಿಷಯ ಬರೆಯಲೇಬೇಕು. ಗಾಡಿ ಎಲ್ಲಿಯ ತನಕ ಹೋಗುತ್ತದೆ, ಅಲ್ಲಿಂದ ನಡಿಗೆ ಎಷ್ಟು, ಸಿಗ್ನಲ್ ಎಲ್ಲಿ ಸಿಗುತ್ತದೆ. ಹೊಗೆ ಕಾಣದ ದಿನ ಯಾರಿಗೆ ಹೇಳಬೇಕು ಎನ್ನುವುದಕ್ಕೆ ಪಂಚಾಯಿತಿಗೆ ಒಂದು ನಂಬರು ಇರಲಿ, ಎತ್ತುವವರು ಇರಲಿ. ಹಿರಿಯರ ಸಹಾಯವಾಣಿ 14567 ಇದೆ, ಅದು ಒಳ್ಳೆಯದೇ. ಬಿದ್ದವರು ಗುಡ್ಡ ಹತ್ತಿ ಅದಕ್ಕೆ ಫೋನು ಮಾಡಲಾರರು.

ನನ್ನ ಹಳೆಯ ದಾರಿಯ ಪಟ್ಟಿಯನ್ನು ನಾನೇ ಮಾಡಿದ್ದೇನೆ. ಹನ್ನೊಂದು ಮನೆಗಳಲ್ಲಿ ಒಬ್ಬೊಬ್ಬರೇ ಇದ್ದಾರೆ, ಒಂಬತ್ತು ಮಂದಿ ಹೆಂಗಸರು, ಎಲ್ಲರೂ ಗಂಡ ತೀರಿಕೊಂಡವರು. ಒಬ್ಬೊಬ್ಬರನ್ನೂ ಕೇಳಿ, ಒಪ್ಪಿದ ಮೇಲೆಯೇ ಹೆಸರು ಬರೆದಿದ್ದೇನೆ. ಇದು ಎಲ್ಲರೂ ಓದುವ ಪತ್ರವಾದ್ದರಿಂದ ಅದನ್ನು ಇಲ್ಲಿ ಹಾಕುತ್ತಿಲ್ಲ. ತಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಪಟ್ಟಿಯಲ್ಲಿ ಏಳನೆಯ ಮನೆಗೆ ಹೋಗುವ ಸಂಕದ ಒಂದು ಮರ ಹೋದ ಮಳೆಗಾಲದಲ್ಲಿ ಕೊಚ್ಚಿಹೋಗಿದೆ, ಈಗ ಉಳಿದಿರುವುದು ಒಂದೇ ಮರ. ನೋಡಲು ಯಾರನ್ನಾದರೂ ಕಳಿಸುವುದಾದರೆ ಮೇ ತಿಂಗಳೊಳಗೆ ಕಳಿಸಿ. ದಾರಿ ತೋರಿಸಲು ನಾನು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಂಚೆಯಣ್ಣ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ